ಶನಿವಾರ ರಾತ್ರಿ, ಮುಳ್ಳು 650ರ ಮೇಲೆ: ಎಎಂ ರೇಡಿಯೋದಲ್ಲಿ ಕಂಟ್ರಿ ಹಾಡು (ಅಮೆರಿಕದ ಹಳ್ಳಿಗಾಡಿನ ಹಾಡು) ಕೇಳಿದವರು ಯಾರಾದರೂ ಇದ್ದೀರಾ?

ಹಾಸನದ ರೈತನ ಮಗ

ನಾನು 1981ರ ಆಗಸ್ಟ್‌ನಲ್ಲಿ ಓದೋಕೆ ಅಂತ ಅಯೋವಾದ ಏಮ್ಸ್ ಊರಿಗೆ ಬಂದೆ. ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಒಂದು ರೂಮು. ಹಿಂದೆ ಇದ್ದ ಹುಡುಗ ಒಂದು ಟೇಬಲ್ ರೇಡಿಯೋ ಬಿಟ್ಟು ಹೋಗಿದ್ದ. ಎಫ್‌ಎಂ ಬ್ಯಾಂಡ್ ಕೆಟ್ಟಿತ್ತು, ಎಎಂ ಮಾತ್ರ ಬರುತ್ತಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಡೆ ಮಾಯ್ನ್ ಊರಿನ ಡಬ್ಲ್ಯುಎಚ್‌ಒ ಅನ್ನುವ ಸ್ಟೇಷನ್, ಡಯಲ್‌ನಲ್ಲಿ 1040. ಮೆಕ್ಕೆಜೋಳದ ರೇಟು, ಹಂದಿಯ ರೇಟು, ನಾಳೆ ಮಳೆ ಬರುತ್ತೋ ಇಲ್ವೋ. ಕಣ್ಣು ಮುಚ್ಚಿದರೆ ನಮ್ಮೂರ ಜಗಲಿಯಲ್ಲಿ ಅಪ್ಪ ಕೃಷಿರಂಗ ಕೇಳುತ್ತಿದ್ದ ಹಾಗೇ ಇತ್ತು. ಆಗ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ 1930ರ ದಶಕದಲ್ಲಿ ಇದೇ ಸ್ಟೇಷನ್‌ನಲ್ಲಿ ಆಟಗಳ ಕಾಮೆಂಟರಿ ಹೇಳುತ್ತಿದ್ದರಂತೆ. ಮನೆ ಯಜಮಾನರು ಅದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ.

ಆದರೆ ನಾನು ಬರೆಯಬೇಕು ಅಂದುಕೊಂಡದ್ದು ರಾತ್ರಿಯ ವಿಷಯ. ಅಕ್ಟೋಬರ್‌ನ ಒಂದು ಶನಿವಾರ, ಒಂಬತ್ತು ಗಂಟೆ ಮೇಲಾಗಿತ್ತು. ಮನೆಗೆ ಪತ್ರ ಬರೆಯುತ್ತಾ ಸುಮ್ನೆ ಮುಳ್ಳು ತಿರುಗಿಸಿದೆ. 650ರ ಹತ್ತಿರ ಗೊರಗೊರ ಸದ್ದಿನ ಅಡಿಯಲ್ಲಿ ಒಂದು ಪಿಟೀಲು. ಬಾವಿಯೊಳಗಿಂದ ಬಂದ ಹಾಗೆ. ಸ್ವಲ್ಪ ಹೊತ್ತಿಗೆ ಪಕ್ಕದ ರೂಮಿನಲ್ಲೇ ನುಡಿಸುತ್ತಿದ್ದಾರೇನೋ ಅನ್ನುವಷ್ಟು ಹತ್ತಿರ ಬಂತು. ಮತ್ತೆ ಮುಳುಗಿತು. ಜನ ಚಪ್ಪಾಳೆ ಹೊಡೆದರು. ಒಬ್ಬ ಹೆಂಗಸು ಗಂಟಲು ಬಿಚ್ಚಿ 'ಹೌ-ಡೀ' ಅಂತ ಕೂಗಿದಳು, ಸಭೆಯೆಲ್ಲ ತಿರುಗಿ ಕೂಗಿತು. ಅದು ಹಾಸ್ಯ ಕಲಾವಿದೆ ಮಿನಿ ಪರ್ಲ್ ಅಂತ ಆಮೇಲೆ ಗೊತ್ತಾಯಿತು. ಟೋಪಿಗೆ 1.98 ಡಾಲರಿನ ಬೆಲೆಚೀಟಿ ನೇತು ಹಾಕಿಕೊಂಡೇ ಸ್ಟೇಜಿಗೆ ಬರುತ್ತಿದ್ದವರು. ಸ್ಟೇಷನ್ ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ, ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿ, ಸಭೆಯ ಮುಂದೆ ನಡೆಯುವ ಶನಿವಾರದ ಕಂಟ್ರಿ ಹಾಡಿನ ಕಾರ್ಯಕ್ರಮ.

ಆ ದಕ್ಷಿಣದವರ ಮಾತು ಅರ್ಧಕ್ಕರ್ಧ ಅರ್ಥ ಆಗಲಿಲ್ಲ. ಹಾಡು ಮಾತ್ರ ಅರ್ಥ ಆಯಿತು. ಅವ್ವ, ಮನೆ, ಹೊಲ, ರೈಲು, ಬಿಟ್ಟು ಬಂದ ಊರು. ರೂಮಿನ ದೀಪ ಆರಿಸಿ, ರೇಡಿಯೋ ಡಯಲ್‌ನ ಹಳದಿ ಬೆಳಕಿನಲ್ಲೇ ಆ ನೀಲಿ ಏರೋಗ್ರಾಮ್ ಬರೆದು ಮುಗಿಸಿದೆ. ಅಕ್ಷರ ಸೊಟ್ಟಗಾಗಿದೆ, ಹುಷಾರಿಲ್ವಾ ಅಂತ ಅವ್ವ ಕೇಳಿ ಬರೆಸಿದ್ದಳು.

ಇಲ್ಲಿ ಇನ್ಯಾರಾದರೂ ಹೀಗೆ ಕೇಳಿದವರು ಇದ್ದರೆ ಬರೆಯಿರಿ.

ಕೋಡಿ ಕಡಲು

ಇದ್ದೇನೆ. ನಿಮಗಿಂತ ಐದು ವರ್ಷ ಮೊದಲೇ.

ನಮ್ಮ ಯಜಮಾನರು ಡಾಕ್ಟರು. 1976ರಲ್ಲಿ ಪೂರ್ವ ಕೆಂಟಕಿಯ ಕಲ್ಲಿದ್ದಲು ಗಣಿಯ ಊರಿಗೆ ಕೆಲಸಕ್ಕೆ ಬಂದೆವು. ಆ ಗುಡ್ಡಗಾಡಿಗೆ ಹೋಗಲು ಬೇರೆ ಡಾಕ್ಟರುಗಳು ಅಷ್ಟಾಗಿ ಒಪ್ಪುತ್ತಿರಲಿಲ್ಲ, ಹಾಗಾಗಿ ನಮ್ಮಂಥವರು ತುಂಬ ಜನ ಅಲ್ಲಿಗೆ ಹೋದರು. ನನಗೆ ಇಪ್ಪತ್ಮೂರು. ಸುತ್ತ ಬೆಟ್ಟ, ಬೇಗ ಕತ್ತಲು. ಕುಂದಾಪುರದ ಬಯಲು ಆಕಾಶ ನೋಡಿ ಬೆಳೆದವಳಿಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ. ಗಂಡ ಗಣಿಯಲ್ಲಿ ದುಡಿದು ಶ್ವಾಸಕೋಶ ಕೆಟ್ಟು ತೀರಿಕೊಂಡಿದ್ದರು. ನನಗೆ ಜೋಳದ ಬ್ರೆಡ್ಡು ಮಾಡೋದು ಕಲಿಸಿದವರು ಅವರೇ. ನಾನು ಅವರಿಗೆ ನೀರುದೋಸೆ ಕಲಿಸಿದೆ. ಶನಿವಾರ ರಾತ್ರಿ ಅವರ ಅಡುಗೆಮನೆಯಲ್ಲಿ ಕೂತು ರೇಡಿಯೋ ಕೇಳೋದು ರೂಢಿ ಆಯಿತು. ಮರದ ಪೆಟ್ಟಿಗೆಯ ವಾಲ್ವ್ ರೇಡಿಯೋ. ಡಯಲ್‌ನ ಗಾಜಿನ ಮೇಲೆ ಉಗುರು ಬಣ್ಣದಲ್ಲಿ ಎರಡು ಕೆಂಪು ಚುಕ್ಕೆ ಇಟ್ಟಿದ್ದರು. ಒಂದು 650ಕ್ಕೆ. ಇನ್ನೊಂದು 1170ಕ್ಕೆ, ಅಂದರೆ ವೆಸ್ಟ್ ವರ್ಜೀನಿಯಾದ ವೀಲಿಂಗ್ ಊರಿನ ಡಬ್ಲ್ಯುಡಬ್ಲ್ಯುವಿಎಗೆ. ಅಲ್ಲೂ 1933ರಿಂದ ಜಾಂಬೊರಿ ಅನ್ನುವ ಶನಿವಾರದ ಹಾಡಿನ ಕಾರ್ಯಕ್ರಮ ನಡೆಯುತ್ತಿತ್ತು. ಕನ್ನಡಕ ಇಲ್ಲದಿದ್ದರೂ ಚುಕ್ಕೆ ಕಾಣುತ್ತೆ ಅಂತ ಅಜ್ಜಿಯ ಉಪಾಯ.

ಅವರು ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅವರು ಹುಡುಗಿ ಆಗಿದ್ದಾಗ ಆ ಕಣಿವೆಗೆ ಕರೆಂಟು ಬಂದಿರಲಿಲ್ಲ. ರೇಡಿಯೋ ಇದ್ದದ್ದು ಒಂದೇ ಮನೆಯಲ್ಲಿ, ಅದೂ ಬ್ಯಾಟರಿಯದು. ವಾರವಿಡೀ ಅದನ್ನು ಮುಟ್ಟುತ್ತಿರಲಿಲ್ಲವಂತೆ, ಶನಿವಾರಕ್ಕೆ ಬ್ಯಾಟರಿ ಉಳಿಯಲಿ ಅಂತ. ಶನಿವಾರ ಕತ್ತಲಾದ ಮೇಲೆ ಲಾಟೀನು ಹಿಡಿದು ಗುಡ್ಡದ ಆ ಕಡೆ ಈ ಕಡೆಯಿಂದ ಜನ ಇಳಿದು ಬರುತ್ತಿದ್ದರು. ಮಕ್ಕಳು ಕೇಳುತ್ತಾ ಕೇಳುತ್ತಾ ನೆಲದ ಮೇಲೆ ನಿದ್ದೆ ಹೋಗುತ್ತಿದ್ದವು. ಅಪ್ಪ ಹೆಗಲ ಮೇಲೆ ಹಾಕಿಕೊಂಡು ಮನೆಗೆ ಹೊರುತ್ತಿದ್ದ.

ನಾನು ಅವರಿಗೆ ನಮ್ಮ ಯಕ್ಷಗಾನದ ಆಟದ ಕತೆ ಹೇಳಿದೆ. ಗದ್ದೆಯಲ್ಲಿ ಚಾಪೆ, ಬೆಳಗಿನ ಜಾವದ ಚಳಿ, ಅಜ್ಜನ ಶಾಲಿನೊಳಗೆ ನಿದ್ದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು 'ಹಾಗಾದರೆ ನಿನಗೆ ಗೊತ್ತು ಬಿಡು' ಅಂದರು.

ಲೊರೆಟಾ ಲಿನ್ ಹಾಡಿದರೆ ಮಾತ್ರ ಮನೆಯಲ್ಲಿ ಯಾರೂ ಮಾತಾಡೋ ಹಾಗಿಲ್ಲ. ಅವರು ಅದೇ ಪೂರ್ವ ಕೆಂಟಕಿಯ ಬುಚರ್ ಹಾಲರ್‌ನಲ್ಲಿ, ಗಣಿ ಕಾರ್ಮಿಕನ ಮನೆಯಲ್ಲಿ ಹುಟ್ಟಿದವರು. ಹೀಗೆ ಬ್ಯಾಟರಿ ರೇಡಿಯೋದಲ್ಲಿ ಆಪ್ರಿ ಕೇಳಿ ಬೆಳೆದು ಆಮೇಲೆ ಅದೇ ಆಪ್ರಿಯಲ್ಲಿ ಹಾಡಿದವರು. ಅಜ್ಜಿಗೆ ಅವರು ಮನೆ ಮಗಳ ಹಾಗೆ.

1989ರಲ್ಲಿ ನಾವು ಒಹಾಯೋದ ಕೊಲಂಬಸ್‌ಗೆ ಬರುವಾಗ ಆ ರೇಡಿಯೋ ನನಗೇ ಕೊಟ್ಟರು. ಇವತ್ತಿಗೂ ಮನೆಯಲ್ಲಿದೆ. ಇಪ್ಪತ್ತು ವರ್ಷದಿಂದ ಹಾಕಿಲ್ಲ. ನಿಮ್ಮ ಬರಹ ಓದಿ ಇವತ್ತು ಹಾಕಿ ನೋಡೋಣ ಅನ್ನಿಸುತ್ತಿದೆ.

ವಾಲ್ವ್ ರಾಯ

ಕೋಡಿ ಅಕ್ಕ, ದಯವಿಟ್ಟು ಈಗಲೇ ಪ್ಲಗ್ ಹಾಕಬೇಡಿ! ಇಪ್ಪತ್ತು ವರ್ಷ ಕೂತ ವಾಲ್ವ್ ಸೆಟ್ಟಿನ ಕೆಪಾಸಿಟರ್‌ಗಳು ಒಣಗಿರುತ್ತವೆ. ನೇರ ಕರೆಂಟು ಕೊಟ್ಟರೆ ಒಡೆಯಬಹುದು, ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಹಳೇ ರೇಡಿಯೋ ರಿಪೇರಿ ಮಾಡುವವರ ಕೈಯಲ್ಲಿ ಕೆಪಾಸಿಟರ್ ಬದಲಾಯಿಸಿ, ವೈರು ನೋಡಿಸಿ, ಆಮೇಲೆ ಹಾಕಿ. ಗಾಜು ಒರೆಸಲು ಸ್ಪಿರಿಟ್ ಹಚ್ಚಬೇಡಿ, ಅಂಕಿಗಳೂ ಅಜ್ಜಿಯ ಚುಕ್ಕೆಗಳೂ ಅಳಿಸಿ ಹೋಗುತ್ತವೆ.

ಇನ್ನು ಹಾಸನದವರೇ, ಆ ಪಿಟೀಲು ಹತ್ತಿರ ಬಂದು ದೂರ ಹೋದದ್ದು ಯಾಕೆ ಅಂತ ಹೇಳುತ್ತೇನೆ. ನನಗೆ ಬಹಳ ಪ್ರೀತಿಯ ವಿಷಯ ಇದು.

ಹಗಲು ಹೊತ್ತು ಸೂರ್ಯನ ಬಿಸಿಲಿಗೆ ಆಕಾಶದಲ್ಲಿ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ 'ಡಿ' ಅನ್ನುವ ಪದರ ಆಗುತ್ತೆ. ಮೇಲೆ ಹೋದ ಮೀಡಿಯಂ ವೇವ್ ಅಲೆಗಳನ್ನು, ಅಂದರೆ ಈ ಎಎಂ ಸ್ಟೇಷನ್‌ಗಳ ಅಲೆಗಳನ್ನು, ಅದು ನುಂಗಿಬಿಡುತ್ತೆ. ಹಾಗಾಗಿ ಹಗಲು ನೆಲದ ಮೇಲೆ ಹರಿದು ಬರುವ ಅಲೆ ಎಷ್ಟು ದೂರ ಬಂದರೆ ಅಷ್ಟೇ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತೆ. ಅಲೆ ಇನ್ನೂ ಮೇಲೆ ಹೋಗಿ, ಅಲ್ಲಿನ ಪದರಕ್ಕೆ ಬಡಿದು, ನೂರಾರು ಮೈಲಿ ಆಚೆ ಇಳಿಯುತ್ತೆ. ಮೇಲಿನ ಪದರ ಒಂದೇ ಸಮ ಇರಲ್ಲ, ಕೆರೆಯ ನೀರಿನ ಹಾಗೆ ಅಲುಗಾಡುತ್ತಾ ಇರುತ್ತೆ. ಅದಕ್ಕೇ ಹಾಡು ಉಬ್ಬುತ್ತೆ, ಇಳಿಯುತ್ತೆ.

ಇನ್ನೊಂದು ಕಾರಣ ಸರ್ಕಾರದ ನಿಯಮ. ಕೆಲವು ಕಂಪನಾಂಕಗಳನ್ನು 'ಕ್ಲಿಯರ್ ಚಾನೆಲ್' ಅಂತ ಮಾಡಿ, ರಾತ್ರಿ ಆ ಜಾಗದಲ್ಲಿ ದೂರದವರೆಗೆ ಒಂದೇ ದೊಡ್ಡ ಸ್ಟೇಷನ್ ಕೇಳುವಂತೆ ಬಿಟ್ಟಿದ್ದರು. ರೇಡಿಯೋ ಸ್ಟೇಷನ್ ಹತ್ತಿರ ಇಲ್ಲದ ಹಳ್ಳಿಗಳಿಗೂ ಏನಾದರೂ ಕೇಳಿಸಲಿ ಅಂತ. ಎಷ್ಟೋ ಸಣ್ಣ ಸ್ಟೇಷನ್‌ಗಳು ಸೂರ್ಯ ಮುಳುಗುವ ಹೊತ್ತಿಗೆ ಬಾಗಿಲು ಹಾಕಲೇಬೇಕಿತ್ತು. ಆಗ 650 ಖಾಲಿ ರಸ್ತೆ ಆಗುತ್ತಿತ್ತು.

ಡಬ್ಲ್ಯುಎಸ್‌ಎಂನ ಶಕ್ತಿ 50,000 ವ್ಯಾಟ್, 1932ರಿಂದ. ನ್ಯಾಶ್‌ವಿಲ್ ಪಕ್ಕದ ಬ್ರೆಂಟ್‌ವುಡ್‌ನಲ್ಲಿ ಅದರ ಟವರ್ ಇದೆ. ಕೆಳಗೆ ಚೂಪು, ನಡುವೆ ಅಗಲ, ಮೇಲೆ ಮತ್ತೆ ಚೂಪು. ದಾರ ಸುತ್ತಿದ ನೂಲಿನ ಕದಿರಿನ ಹಾಗೆ. ಕಟ್ಟಿದಾಗ 878 ಅಡಿ, ಆಗ ಉತ್ತರ ಅಮೆರಿಕದಲ್ಲೇ ಎತ್ತರದ್ದು. ಆದರೆ ಎತ್ತರ ಜಾಸ್ತಿ ಆಗಿ, ಸ್ವಲ್ಪ ದೂರದ ಊರುಗಳಲ್ಲಿ ನೆಲದ ಅಲೆಯೂ ಆಕಾಶದ ಅಲೆಯೂ ಒಂದಕ್ಕೊಂದು ಹೊಡೆದುಕೊಂಡು ಸದ್ದು ಅಡಗುತ್ತಿತ್ತು. 1939ರಲ್ಲಿ ಅದನ್ನು 808 ಅಡಿಗೆ ಇಳಿಸಿದರು. ಎತ್ತರ ಕಡಿಮೆ ಮಾಡಿದ ಮೇಲೆ ಕೇಳುವ ಜಾಗ ಜಾಸ್ತಿ ಆಯಿತು. ನಾನು ಒಮ್ಮೆ ಹೋಗಿ ಬೇಲಿಯ ಹೊರಗೆ ನಿಂತು ನೋಡಿ ಬಂದಿದ್ದೇನೆ. ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ.

ಸಾಧನಕೇರಿ

ಭಾಳ ಛಲೋ ಬರೀಲಿಕತ್ತೀರಿ ಎಲ್ಲಾರೂ. ನಾನು ಅಮೆರಿಕಕ್ಕೆ ಹೋದವನಲ್ಲ, ಆದರೂ ಒಂದು ಮಾತು ಸೇರಿಸಬೇಕು.

ನಮ್ಮ ತಂದೆ ಧಾರವಾಡದಲ್ಲಿ ಕಾಲೇಜು ಮಾಸ್ತರರು. ಅವರಿಗೆ ಇಂಗ್ಲಿಷ್ ಹಾಡು ಅಂದರೆ ಅಮೆರಿಕದ ಕಂಟ್ರಿ ಗಾಯಕ ಜಿಮ್ ರೀವ್ಸ್ ಒಬ್ಬರೇ. ರೇಡಿಯೋ ಸಿಲೋನ್‌ನಲ್ಲಿ ಆ ದನಿ ಬಂತೆಂದರೆ ಓದುತ್ತಿದ್ದ ಪೇಪರ್ ಮಡಚಿ ಇಡುತ್ತಿದ್ದರು. ಅವಸರ ಇಲ್ಲ, ಕೂಗಾಟ ಇಲ್ಲ, ಒಂದೊಂದು ಶಬ್ದವೂ ಬಿಡಿಬಿಡಿ. ಇಂಗ್ಲಿಷ್ ಬರದ ನಮ್ಮ ಆಯಿ ಕೂಡ 'ಆ ಮೆತ್ತಗಿನ ದನಿಯವನು' ಅನ್ನುತ್ತಿದ್ದಳು. ಭಾರತದಲ್ಲೂ ಸಿಂಹಳದಲ್ಲೂ ಆ ಕಾಲದ ಎಷ್ಟೋ ಮನೆಗಳಲ್ಲಿ ಇದೇ ಕತೆ. ಕ್ರಿಸ್‌ಮಸ್ ಬಂದರೆ ಚರ್ಚಿನ ಓಣಿಯಲ್ಲೆಲ್ಲ ಅವರದೇ ಹಾಡು.

ಆ ದನಿ ಹಾಗಿದ್ದದ್ದಕ್ಕೆ ಒಂದು ಕಾರಣ ಅವರು ಮೊದಲು ರೇಡಿಯೋ ಉದ್ಘೋಷಕರಾಗಿದ್ದದ್ದು ಅಂತ ನನ್ನ ನಂಬಿಕೆ. ಲೂಸಿಯಾನಾದ ಶ್ರೀವ್‌ಪೋರ್ಟ್‌ನ ಕೆಡಬ್ಲ್ಯುಕೆಎಚ್ ಸ್ಟೇಷನ್‌ನಲ್ಲಿ ಕೆಲಸ ಮಾಡುತ್ತಿದ್ದರು. ಅದೇ ಸ್ಟೇಷನ್‌ನ ಶನಿವಾರದ ಲೂಸಿಯಾನಾ ಹೇರೈಡ್‌ನಲ್ಲಿ ಹಾಡಿ ಹೆಸರಾದರು. 1948ರಲ್ಲಿ ಶುರುವಾದ ಆ ಕಾರ್ಯಕ್ರಮದಿಂದಲೇ ಹ್ಯಾಂಕ್ ವಿಲಿಯಮ್ಸ್ ಮೇಲೆ ಬಂದರು, 1954ರಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿದರು. ಮೈಕಿನ ಹತ್ತಿರ ತುಟಿ ತಂದು ಮೆಲ್ಲಗೆ ಮಾತಾಡಿದರೆ ದೂರದ ಮನೆಯ ಕೇಳುಗನ ಕಿವಿಗೆ ಎಷ್ಟು ಹತ್ತಿರ ಆಗುತ್ತೆ ಅನ್ನೋದು ರೇಡಿಯೋದವರಿಗೆ ಗೊತ್ತಿರುತ್ತೆ. ರೀವ್ಸ್ ಹಾಗೇ ಹಾಡಿದರು.

1964ರ ಜುಲೈ 31ರಂದು ಅವರೇ ನಡೆಸುತ್ತಿದ್ದ ಸಣ್ಣ ವಿಮಾನ ಮಳೆಗಾಳಿಗೆ ಸಿಕ್ಕಿ ಬಿತ್ತು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು. ಬಿದ್ದ ಜಾಗ ಇದೇ ಬ್ರೆಂಟ್‌ವುಡ್ ಹತ್ತಿರ. ವಾಲ್ವ್ ರಾಯರು ಟವರಿನ ಊರಿನ ಹೆಸರು ಹೇಳಿದ ಕೂಡಲೇ ನನಗೆ ಅದೇ ನೆನಪಾಯಿತು.

ರಾತ್ರಿ ಹೆದ್ದಾರಿ

ನನ್ನದು ಕಾರಿನ ರೇಡಿಯೋ. 1984ರಿಂದ ಮೂರು ವರ್ಷ ಟೆಕ್ಸಾಸ್, ಒಕ್ಲಹೋಮಾ, ಅರ್ಕಾನ್ಸಾಸ್ ಕಡೆ ಮೆಷಿನ್ ರಿಪೇರಿಗೆ ಓಡಾಡುವ ಕೆಲಸ. ರಾತ್ರಿ ಒಬ್ಬನೇ. ಫೋರ್ಟ್ ವರ್ತ್‌ನ ಡಬ್ಲ್ಯುಬಿಎಪಿ, 820ರಲ್ಲಿ ಬಿಲ್ ಮ್ಯಾಕ್ ಅವರ ಕಾರ್ಯಕ್ರಮ, 1969ರಿಂದ ನಡೆಸುತ್ತಿದ್ದರು. ಟ್ರಕ್ ಡ್ರೈವರ್‌ಗಳಿಗಾಗಿಯೇ ಮಾಡಿದ್ದು. ಎರಡು ಹಾಡು, ಆಮೇಲೆ ಯಾವ ರಸ್ತೆಯಲ್ಲಿ ಐಸ್ ಕಟ್ಟಿದೆ, ಎಲ್ಲಿ ಗಾಳಿ ಜೋರು. ಮನೆಯವರು ಹಾಡು ಕೇಳಿ ಕಳಿಸುತ್ತಿದ್ದರು, ರಸ್ತೆಯಲ್ಲಿರುವ ಗಂಡನಿಗೆ, ಮಗನಿಗೆ.

ಒಮ್ಮೆ ಜನವರಿಯಲ್ಲಿ ಅಮರಿಲ್ಲೋ ಕಡೆ ಹೋಗುತ್ತಿದ್ದೆ. ರಾತ್ರಿ ಎರಡು ಗಂಟೆ. ಮುಂದೆ ರಸ್ತೆ ಕನ್ನಡಿ ಆಗಿದೆ, ನಿಲ್ಲಿಸಿ ಅಂತ ರೇಡಿಯೋದಲ್ಲಿ ಬಂತು. ಟ್ರಕ್ ನಿಲ್ದಾಣದಲ್ಲಿ ನಿಲ್ಲಿಸಿದೆ. ನಲವತ್ತು ಐವತ್ತು ಲಾರಿ ಆಗಲೇ ನಿಂತಿದ್ದವು. ಎಲ್ಲ ಕ್ಯಾಬಿನ್‌ಗಳಲ್ಲೂ ಅದೇ ಸ್ಟೇಷನ್. ಕಾಫಿ ತರೋಕೆ ನಡೆದು ಹೋದರೆ ಒಂದೇ ಹಾಡು ಒಂದು ಲಾರಿಯಿಂದ ಇನ್ನೊಂದಕ್ಕೆ, ಸಾಲು ಮುಗಿಯುವವರೆಗೂ ಜೊತೆಗೆ ಬಂತು.

ಬಸವನಗುಡಿ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಈಗ ಡೆನ್ವರ್‌ನಲ್ಲಿದ್ದೇನೆ, ಇದೆಲ್ಲ ಓದಿ ಕೇಳಲೇಬೇಕು ಅನ್ನಿಸಿದೆ. ನಮ್ಮ ಎಲೆಕ್ಟ್ರಿಕ್ ಕಾರಿನಲ್ಲಿ ಎಎಂ ಇಲ್ಲವೇ ಇಲ್ಲ. ಅಪ್ಪ ಬೆಂಗಳೂರಿನಿಂದ ತಂದ ಡಿಜಿಟಲ್ ರೇಡಿಯೋ ಇದೆ, ಅದರಲ್ಲಿ 650 ಬರ್ತಾನೇ ಇಲ್ಲ. 648 ಆದ ಮೇಲೆ 657ಕ್ಕೆ ಹಾರುತ್ತೆ. ಕೆಟ್ಟಿದೆಯಾ?

ವಾಲ್ವ್ ರಾಯ

ಕೆಟ್ಟಿಲ್ಲಮ್ಮ. ನಮ್ಮಲ್ಲಿ ಸ್ಟೇಷನ್‌ಗಳ ನಡುವೆ 9 ಕಿಲೋಹರ್ಟ್ಸ್ ಅಂತರ, ಬೆಂಗಳೂರು 612, ಧಾರವಾಡ 765, ಎಲ್ಲ ಒಂಬತ್ತರ ಮಗ್ಗಿ. ಅಮೆರಿಕದಲ್ಲಿ 10ರ ಅಂತರ. ಎಷ್ಟೋ ಸೆಟ್‌ಗಳಲ್ಲಿ 9/10 ಅಂತ ಒಂದು ಸ್ವಿಚ್ ಇರುತ್ತೆ, ಬ್ಯಾಟರಿ ಹಾಕುವ ಜಾಗದಲ್ಲಿ ನೋಡು. ಆಮೇಲೆ ಕಿಟಕಿ ಹತ್ತಿರ ಇಟ್ಟು, ಫೋನ್ ಚಾರ್ಜರ್, ಎಲ್‌ಇಡಿ ದೀಪ ಎಲ್ಲ ಆರಿಸಿ, ರೇಡಿಯೋವನ್ನೇ ಮೆಲ್ಲಗೆ ತಿರುಗಿಸು. ಒಳಗಿನ ಫೆರೈಟ್ ಕಡ್ಡಿ ಯಾವ ದಿಕ್ಕಿಗೆ ಅಡ್ಡವಾಗಿರುತ್ತೋ ಆ ದಿಕ್ಕಿನಿಂದ ಚೆನ್ನಾಗಿ ಹಿಡಿಯುತ್ತೆ. ಎಲೆಕ್ಟ್ರಿಕ್ ಕಾರಿನ ಮೋಟಾರು ಎಎಂನಲ್ಲಿ ಗದ್ದಲ ಎಬ್ಬಿಸುತ್ತೆ, ಅದಕ್ಕೇ ಕೆಲವು ಕಂಪನಿಗಳು ತೆಗೆದುಬಿಟ್ಟವು.

ರಾತ್ರಿ ಹೆದ್ದಾರಿ

ಅಷ್ಟೆಲ್ಲ ಯಾಕೆ, ಡಬ್ಲ್ಯುಎಸ್‌ಎಂ ಇಂಟರ್ನೆಟ್‌ನಲ್ಲೇ ಬರುತ್ತಲ್ವಾ? ನಾನು ಈಗ ಹಾಗೇ ಕೇಳೋದು. ಒಂದು ಚೂರೂ ಕರಕರ ಇಲ್ಲ. ಹಾಡು ಮುಖ್ಯ.

ಹಾಸನದ ರೈತನ ಮಗ

ಹೆದ್ದಾರಿಯವರೇ, ನಿಮ್ಮ ಮಾತು ತಪ್ಪಲ್ಲ. ಆದರೆ ನನಗೆ ಆ ಕರಕರವೂ ಬೇಕು. ದೂರದಲ್ಲಿ ಎಲ್ಲೋ ಮಿಂಚಿದರೆ ರೇಡಿಯೋದಲ್ಲಿ ಚಟ್ ಅನ್ನುತ್ತಿತ್ತು. ನನಗೂ ಆ ಹಾಡಿಗೂ ನಡುವೆ ಸಾವಿರ ಕಿಲೋಮೀಟರ್ ಹತ್ತಿರ ಕತ್ತಲು ಇದೆ, ಅದನ್ನು ದಾಟಿ ಬಂದಿದೆ ಅಂತ ಆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಅವ್ವನ ಪತ್ರ ಬಂದಾಗ ಲಕೋಟೆ ಮೂಲೆ ಮುದುಡಿರುತ್ತಿತ್ತಲ್ಲ, ಹಾಗೆ.

ಮಂಡ್ಯದ ಮಾಸ್ತರ

ನಾನು ಮಗಳ ಮನೆಗೆ ಅಂತ ನ್ಯಾಶ್‌ವಿಲ್‌ಗೆ ಬಂದು ಒಂಬತ್ತು ವರ್ಷ ಆಯಿತು. ಇಲ್ಲಿ ಯಾರೂ ಇನ್ನೂ ಹೇಳದ ಒಬ್ಬರ ಹೆಸರು ಹೇಳಬೇಕು. ಡಿಫೋರ್ಡ್ ಬೇಲಿ.

ಡಬ್ಲ್ಯುಎಸ್‌ಎಂ ಶುರು ಮಾಡಿದ್ದು ಒಂದು ವಿಮಾ ಕಂಪನಿ, 1925ರ ಅಕ್ಟೋಬರ್‌ನಲ್ಲಿ. ಲಕ್ಷಾಂತರ ಜನರನ್ನು ಕಾಪಾಡುತ್ತೇವೆ ಅನ್ನುವ ಅವರ ಇಂಗ್ಲಿಷ್ ಘೋಷವಾಕ್ಯದ (ವಿ ಶೀಲ್ಡ್ ಮಿಲಿಯನ್ಸ್) ಮೊದಲ ಅಕ್ಷರಗಳೇ ಆ ಹೆಸರು. ಅದೇ ನವೆಂಬರ್ 28ರ ರಾತ್ರಿ ಅಂಕಲ್ ಜಿಮ್ಮಿ ಥಾಂಪ್ಸನ್ ಅನ್ನುವ 77 ವರ್ಷದ ಮುದುಕರು ಮೈಕಿನ ಮುಂದೆ ಕೂತು ಪಿಟೀಲು ನುಡಿಸಿದರು. ಶನಿವಾರದ ಕಾರ್ಯಕ್ರಮ ಹುಟ್ಟಿದ್ದು ಹಾಗೆ. ಎರಡು ವರ್ಷ ಕಳೆದು 1927ರ ಡಿಸೆಂಬರ್‌ನಲ್ಲಿ, ನಿರೂಪಕ ಜಾರ್ಜ್ ಹೇ ಅವರು, ಇಷ್ಟು ಹೊತ್ತು ದೊಡ್ಡ ಆಪೆರಾ (ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನಾಟಕ, ಇಂಗ್ಲಿಷ್‌ನಲ್ಲಿ ಗ್ರ್ಯಾಂಡ್ ಆಪೆರಾ) ಕೇಳಿದಿರಿ, ಇನ್ನು ನಮ್ಮ ಆಪ್ರಿ ಕೇಳಿ ಅನ್ನುವ ಅರ್ಥದಲ್ಲಿ ಹೇಳಿ ಆ ಹೆಸರು ಇಟ್ಟರು. ಆ ರಾತ್ರಿ ಮೌತ್ ಆರ್ಗನ್‌ನಲ್ಲಿ ರೈಲು ಓಡಿಸಿ ತೋರಿಸಿದವರು ಬೇಲಿ. ಗಾಲಿಯ ಸದ್ದು, ಸೇತುವೆ, ಶಿಳ್ಳೆ, ಎಲ್ಲ ಅಂಗೈಯಷ್ಟು ವಾದ್ಯದಲ್ಲಿ.

ಅವರು ಕಪ್ಪು ಜನಾಂಗದವರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಮೈ ಬೆಳೆದಿರಲಿಲ್ಲ. ರೇಡಿಯೋ ಕೇಳುವವರಿಗೆ ಬಣ್ಣ ಕಾಣುವುದಿಲ್ಲವಲ್ಲ, ಊರೂರಲ್ಲಿ ಅವರ ನುಡಿಕೆಗೆ ಜನ ಕಾಯುತ್ತಿದ್ದರು. ಪ್ರವಾಸ ಹೋದಾಗ ಮಾತ್ರ ಜೊತೆಯ ಕಲಾವಿದರು ಉಳಿದ ಹೋಟೆಲಿನಲ್ಲಿ ಇವರಿಗೆ ರೂಮು ಕೊಡುತ್ತಿರಲಿಲ್ಲ. 1941ರಲ್ಲಿ ಆಪ್ರಿಯಿಂದ ಕೈಬಿಟ್ಟರು. ಆಮೇಲೆ ಇದೇ ಊರಿನಲ್ಲಿ ಬೂಟ್ ಪಾಲಿಶ್ ಅಂಗಡಿ ಇಟ್ಟುಕೊಂಡು ಬದುಕಿದರು. 1982ರಲ್ಲಿ ತೀರಿಕೊಂಡರು. ಕಂಟ್ರಿ ಸಂಗೀತದ ದೊಡ್ಡವರ ಗೌರವಪಟ್ಟಿಯಾದ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2005ರಲ್ಲಿ.

ಹಾಸನದವರೇ, ನೀವು ರೂಮಿನಲ್ಲಿ ಕೂತು ಕೇಳುತ್ತಿದ್ದ ಆ ಮೊದಲ ಶರತ್ಕಾಲದಲ್ಲಿ ಅವರು ಇನ್ನೂ ಬದುಕಿದ್ದರು. ಈ ಊರಿನಲ್ಲೇ.

ಹಾಸನದ ರೈತನ ಮಗ

ಮಾಸ್ತರೇ, ಇದು ನನಗೆ ಗೊತ್ತಿರಲಿಲ್ಲ. ರಾತ್ರಿ ಅವರ ಹಳೇ ರೆಕಾರ್ಡಿಂಗ್ ಹುಡುಕಿ ಮೂರು ಸಲ ಕೇಳಿದೆ. ನಮ್ಮೂರ ಹತ್ತಿರ ಅರಸೀಕೆರೆ ಜಂಕ್ಷನ್, ಚಿಕ್ಕಂದಿನಲ್ಲಿ ಕಲ್ಲಿದ್ದಲಿನ ಇಂಜಿನ್ ಹೊರಡುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಮೊದಲು ಏದುಸಿರು, ಆಮೇಲೆ ಗತಿ. ಅವರು ಉಸಿರು ಎಳೆಯೋದೂ ಬಿಡೋದೂ ಎರಡೂ ಸಂಗೀತ ಆಗಿದೆ. ಹೇಳಿದ್ದಕ್ಕೆ ತುಂಬ ಉಪಕಾರ.

ಬಸವನಗುಡಿ ಹುಡುಗಿ

ಸ್ವಿಚ್ ಇತ್ತು ಸರ್! ಬ್ಯಾಟರಿ ಮುಚ್ಚಳದ ಕೆಳಗೇ. 650 ಸಿಕ್ಕಿತು, ತುಂಬ ಕ್ಷೀಣ, ಇನ್ಯಾವುದೋ ಸ್ಟೇಷನ್ ಮೇಲೆ ಬೀಳುತ್ತೆ. ಆದರೆ ಸ್ಟೀಲ್ ಗಿಟಾರ್ ಒಂದೆರಡು ನಿಮಿಷ ಚೆನ್ನಾಗಿ ಬಂತು. ನಾನು ಎಂಟು ವರ್ಷ ವೀಣೆ ಕಲಿತವಳು. ಆ ಜಾರು ನಮ್ಮ ಜಾರಿನ ಹಾಗೇ ಇದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಎತ್ತಿ ಇಡಲ್ಲ, ಎಳೆದುಕೊಂಡು ಹೋಗುತ್ತೆ. ಅಪ್ಪನಿಗೆ ಫೋನ್ ಮಾಡಿ ಕೇಳಿಸಿದೆ.

ಕೋಡಿ ಕಡಲು

ಎರಡು ವಾರ ಬರೆಯೋಕೆ ಆಗಲಿಲ್ಲ. ರಾಯರು ಹೇಳಿದ ಹಾಗೆ ರೇಡಿಯೋ ರಿಪೇರಿಗೆ ಕೊಟ್ಟಿದ್ದೆ. ಇಲ್ಲೇ ಒಬ್ಬರು ವಯಸ್ಸಾದವರು ಹಳೇ ಸೆಟ್ ನೋಡುತ್ತಾರೆ. ಕೆಪಾಸಿಟರ್‌ಗಳನ್ನೆಲ್ಲ ಬದಲಾಯಿಸಿದರು, ಒಂದು ವಾಲ್ವ್ ಹೋಗಿತ್ತು, ಅದನ್ನೂ ಹಾಕಿಕೊಟ್ಟರು. ಗಾಜು ಮುಟ್ಟಬೇಡಿ ಅಂತ ಎರಡೆರಡು ಸಲ ಹೇಳಿದ್ದೆ, ಮುಟ್ಟಿಲ್ಲ.

ನಿನ್ನೆ ಶನಿವಾರ. ಯಜಮಾನರು ತೀರಿಕೊಂಡು ನಾಲ್ಕು ವರ್ಷ, ಮನೆಯಲ್ಲಿ ನಾನೊಬ್ಬಳೇ. ಅಡುಗೆಮನೆಯ ಕಿಟಕಿ ಹತ್ತಿರ ಇಟ್ಟು ಹಾಕಿದೆ. ತಕ್ಷಣ ಏನೂ ಸದ್ದು ಬರಲಿಲ್ಲ. ವಾಲ್ವ್ ಬಿಸಿ ಆಗಬೇಕು ಅನ್ನೋದೇ ಮರೆತಿದ್ದೆ. ಅರ್ಧ ನಿಮಿಷಕ್ಕೆ ಡಯಲ್ ಹಳದಿ ಆಯಿತು, ಬಿಸಿ ಧೂಳಿನ ವಾಸನೆ ಬಂತು. ಅಜ್ಜಿಯ ಅಡುಗೆಮನೆಯ ವಾಸನೆ ಅದು.

1170ರ ಚುಕ್ಕೆಯಲ್ಲಿ ಈಗ ಮಾತೇ ಮಾತು, ಹಾಡಿಲ್ಲ. ಮುಳ್ಳನ್ನು ಇನ್ನೊಂದು ಚುಕ್ಕೆಗೆ ತಂದೆ. ಬರೀ ಗೊರಗೊರ. ರಿಪೇರಿ ಮಾಡುವಾಗ ಮುಳ್ಳು ಎಳೆಯುವ ದಾರ ಸ್ವಲ್ಪ ಸರಿದಿರಬೇಕು. ಒಂದು ಕೂದಲೆಳೆ ಎಡಕ್ಕೆ ತಿರುಗಿಸಿದೆ, ಪಿಟೀಲು ಬಂತು.

ನಡುವೆ ಎದ್ದು ನೀರುದೋಸೆ ಹುಯ್ದೆ. ಬಾಗಿಲು ತೆರೆದೇ ಇಟ್ಟಿದ್ದೆ. ಹನ್ನೊಂದರವರೆಗೂ ಕೇಳಿಸುತ್ತಿತ್ತು.